ಕೃಷಿ ಹೊಂಡದಲ್ಲಿ ಮೀನು ಸಾಕಣೆ

ಮಳೆನೀರಿಗೆಂದು ತೋಡಿದ ಕೃಷಿ ಹೊಂಡದಲ್ಲಿ ಏಳೆಂಟು ತಿಂಗಳು ನೀರು ನಿಂತರೆ ಒಂದು ಬೆಳೆ ಮೀನು ತೆಗೆಯಬಹುದು. ಎಷ್ಟು ಮರಿ ಬಿಡಬೇಕೆಂಬುದು ಹೊಂಡದ ಆಳಕ್ಕಿಂತ ನೀರಿನ ಹರವನ್ನು ಅವಲಂಬಿಸಿದೆ. ಬಿಸಿಲು ಬೀಳುವುದೂ ಗಾಳಿ ಬೆರೆಯುವುದೂ ಮೇಲ್ಮೈಯಲ್ಲೇ. ಹೆಕ್ಟೇರಿಗೆ ಸುಮಾರು 5,000 ಬೆರಳುದ್ದದ ಮರಿ ಎಂಬುದು ರೂಢಿಯ ಲೆಕ್ಕ. 21 ಮೀಟರ್ ಉದ್ದ, ಅಷ್ಟೇ ಅಗಲದ ಹೊಂಡಕ್ಕೆ 220 ಮರಿ ಸಾಕು.

ಕಾಟ್ಲಾ ಮೇಲ್ನೀರಿನ ಸೂಕ್ಷ್ಮಪ್ರಾಣಿಗಳನ್ನು, ರೋಹು ನಡುನೀರಿನ ಆಹಾರವನ್ನು, ಮೃಗಾಲ್ ತಳದ ಕೊಳೆತ ಪದಾರ್ಥವನ್ನು ತಿನ್ನುತ್ತವೆ. ಒಂದರ ತುತ್ತಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆಯಾದ್ದರಿಂದ ಇವನ್ನು 4:3:3ರಂತೆ ಬೆರೆಸಿ ಬಿಡುತ್ತಾರೆ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದಲ್ಲಿ ಕೆಸರಿರದು. ಅಲ್ಲಿ ಮೃಗಾಲ್ ಪಾಲು ತಗ್ಗಿಸುವುದು ಒಳ್ಳೆಯದು. ಈ ಮೂರೂ ನಿಂತ ನೀರಿನಲ್ಲಿ ಮೊಟ್ಟೆಯಿಡವು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಮೀನುಗಳನ್ನು ಮರಿಮಾಡಿಸಿದ ಬಳಿಕವೇ ನದಿಗೆ ಕೈಚಾಚದೆ ಮರಿ ಸಿಗುವಂತಾಯಿತು.

ಮರಿ ಬಿಡುವ ಮುನ್ನ ಸುಣ್ಣ, ಸಗಣಿ ಹಾಕಿ ನೀರನ್ನು ಹದಗೊಳಿಸಬೇಕು. ಹದ ತಿಳಿಯಲು ಮೊಣಕೈವರೆಗೆ ಕೈ ಮುಳುಗಿಸಿ ನೋಡಿದರಾಯಿತು. ಅಂಗೈ ಆಗಷ್ಟೇ ಮಸುಕಾಗಿ ಮರೆಯಾದರೆ ಹಸಿರು ಸರಿಯಾಗಿದೆ; ಸ್ಪಷ್ಟವಾಗಿ ಕಂಡರೆ ಗೊಬ್ಬರ ಸಾಲದು; ಮಣಿಕಟ್ಟು ಮುಳುಗುವಷ್ಟರಲ್ಲೇ ಮರೆಯಾದರೆ ಗೊಬ್ಬರ ನಿಲ್ಲಿಸಬೇಕು. ಮರಿ ತಂದ ಚೀಲವನ್ನು ತಂಪು ಹೊತ್ತಿನಲ್ಲಿ ಕಾಲು ಗಂಟೆ ಹೊಂಡದಲ್ಲೇ ತೇಲಿಬಿಟ್ಟು, ಒಳಹೊರಗಿನ ನೀರಿನ ಬಿಸಿ ಸಮವಾದ ಮೇಲೆ ಬಾಯಿ ಬಿಚ್ಚಬೇಕು.

ಕಡಲೆಕಾಯಿ ಹಿಂಡಿ, ಅಕ್ಕಿ ತೌಡನ್ನು ಸಮನಾಗಿ ಬೆರೆಸಿ, ಒಟ್ಟು ಮೀನಿನ ತೂಕದ ಶೇ. 2ರಿಂದ 3ರಷ್ಟು ದಿನವೂ ಕೊಡುವುದು ವಾಡಿಕೆ. ತೂತು ಮಾಡಿದ ಚೀಲದಲ್ಲಿ ತುಂಬಿ ಗೂಟಕ್ಕೆ ಕಟ್ಟಿದರೆ ಮೇವು ಪೋಲಾಗದು. ಮಿಕ್ಕಿದ ಮೇವು ಕೊಳೆತು ಆಮ್ಲಜನಕ ಹೀರುತ್ತದೆ.

ಅಪಾಯದ ಹೊತ್ತು ನಸುಕು. ಹಗಲು ಆಮ್ಲಜನಕ ಬಿಡುವ ಪಾಚಿ ರಾತ್ರಿ ಅದನ್ನು ಬಳಸುವುದಷ್ಟೇ. ಮೋಡ ಕವಿದ ದಿನದ ಮರುಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದರೆ, ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಚಿಮ್ಮಿಸಿ ಗಾಳಿ ಬೆರೆಸಬೇಕು. ಆ ದಿನ ಮೇವು, ಗೊಬ್ಬರ ಎರಡೂ ಬೇಡ.

ಬೇಸಿಗೆಯಲ್ಲಿ ನೀರು ಇಳಿದಂತೆ ಅಷ್ಟೇ ಮೀನಿಗೆ ಜಾಗ ಕಿರಿದಾಗುತ್ತದೆ. ಆದ್ದರಿಂದ ದೊಡ್ಡವನ್ನು ಮೊದಲು ಬಲೆಗೆ ಹಿಡಿದು ಮಾರಿ, ನೀರು ಒಂದು ಮೀಟರಿಗಿಂತ ಕೆಳಗಿಳಿಯುವ ಮೊದಲೇ ಉಳಿದವನ್ನೂ ತೆಗೆಯುವುದು ಲೇಸು.