ಫೋಟೋದ ಇಸವಿ ಕಾರಿನಲ್ಲಿದೆ

ಫ್ರಾನ್ಸಿನ ಝಾಕ್ ಆನ್ರಿ ಲಾರ್ತಿಗ್ ಹರೆಯದಲ್ಲಿ ತೆಗೆದ ರೇಸ್ ಕಾರಿನ ಫೋಟೋ ಒಂದಿದೆ. ಛಾಯಾಗ್ರಹಣದ ಚರಿತ್ರೆ ಬರೆದವರು ಅದನ್ನು ಬಿಟ್ಟು ಮುಂದೆ ಹೋಗುವುದು ಕಡಿಮೆ. ಕಾರಿನ ಮೂತಿ ಚೌಕಟ್ಟಿನಾಚೆಗೆ ಹೋಗಿಬಿಟ್ಟಿದೆ, ಹಿಂದಿನ ಚಕ್ರ ಮೊಟ್ಟೆಯಾಕಾರ ತಾಳಿ ಒಂದು ಕಡೆಗೆ ವಾಲಿದೆ, ರಸ್ತೆಯಂಚಿನ ಜನ ಇನ್ನೊಂದು ಕಡೆಗೆ ವಾಲಿದ್ದಾರೆ. ಕ್ಯಾಮೆರಾದ ಶಟರ್ ನಿಧಾನವಾಗಿ ಸರಿಯುತ್ತಿದ್ದಾಗ ಲಾರ್ತಿಗ್ ಕಾರಿನ ಜೊತೆಗೆ ಕ್ಯಾಮೆರಾ ತಿರುಗಿಸಿದ್ದರಿಂದ ಹಾಗಾಯಿತು. ಕಾರಿನ ಮೇಲೆ 6 ಎಂಬ ಅಂಕಿ ದೊಡ್ಡದಾಗಿ ಕಾಣುತ್ತದೆ. ಇದು 1912ರ ಫ್ರೆಂಚ್ ಗ್ರ್ಯಾನ್ ಪ್ರೀ ಸ್ಪರ್ಧೆ, ಕಾರು ಡೆಲಾಜ್ ಎಂದು ದಶಕಗಳ ಕಾಲ ಅಚ್ಚಾಗುತ್ತ ಬಂತು. ಆಮೇಲೆ ಕಾರು ಬಲ್ಲವರು ಫೋಟೋವನ್ನು ಕೂತು ನೋಡಿದರು. ಅದು ಡೆಲಾಜ್ ಅಲ್ಲ, ಶ್ನೈಡರ್. ಓಡಿಸುತ್ತಿದ್ದವರು ರೆನೆ ಕ್ರೋಕೆ. ವರ್ಷ 1913 ಎಂದು ತೀರ್ಮಾನವಾಯಿತು. ಜಗತ್ಪ್ರಸಿದ್ಧ ಚಿತ್ರವೊಂದರ ಇಸವಿಯನ್ನು ಅದರೊಳಗಿನ ಕಾರೇ ತಿದ್ದಿತು.

ಈ ವಿದ್ಯೆಗೆ ಕಾಲೇಜಿಲ್ಲ, ಪದವಿಯಿಲ್ಲ. ಹಳೆಯ ಕಾರುಗಳನ್ನು ಬಿಚ್ಚಿ ಜೋಡಿಸಿದವರು, ಕಂಪನಿಗಳ ಹಳೆಯ ಕೆಟಲಾಗು ಕೂಡಿಟ್ಟವರು, ಪತ್ರಾಗಾರಗಳಲ್ಲಿ ಕೆಲಸ ಮಾಡುವವರು ಇದನ್ನು ಬೆಳೆಸಿದ್ದಾರೆ. ಯಾರದೋ ಮದುವೆಯ ದಿಬ್ಬಣ, ಯಾವುದೋ ಊರಿನ ಪೇಟೆಬೀದಿ, ಹೆಸರು ತಿಳಿಯದ ಅಧಿಕಾರಿಯ ಭೇಟಿ ಹೀಗೆ ಹಿಂಬದಿಯಲ್ಲಿ ಒಂದಕ್ಷರವೂ ಇಲ್ಲದ ಫೋಟೋಗೆ ಅವರು ಕಾಲ ಗೊತ್ತುಮಾಡಿಕೊಡುತ್ತಾರೆ. ಉಟ್ಟ ಬಟ್ಟೆಯಿಂದಲೂ ಕಾಲ ಹೇಳಬಹುದು, ಆದರೆ ಅಜ್ಜಿಯ ಸೀರೆಯನ್ನು ಮೊಮ್ಮಗಳು ಉಡುತ್ತಾಳೆ. ಕಟ್ಟಡ ನೂರು ವರ್ಷ ಹಾಗೇ ನಿಂತಿರುತ್ತದೆ. ಕಾರಿನ ಕಂಪನಿಗಳು ಮಾತ್ರ ವರ್ಷ ವರ್ಷವೂ ಏನನ್ನಾದರೂ ಬದಲಿಸುತ್ತಿದ್ದವು ಮತ್ತು ಬದಲಿಸಿದ್ದನ್ನು ಅಚ್ಚುಹಾಕಿಸಿ ಹಂಚುತ್ತಿದ್ದವು. ಸಾಮಾನ್ಯರ ಫೋಟೋಗಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಮೊದಲು ನೋಡಬೇಕಾದದ್ದು ರೇಡಿಯೇಟರ್. 1930ರ ದಶಕದವರೆಗೆ ಕಾರಿನ ಮುಖವೆಂದರೆ ಅದೇ. ರೋಲ್ಸ್ ರಾಯ್ಸ್‌ನದು ಗ್ರೀಕ್ ದೇಗುಲದ ಮುಂಭಾಗದಂತೆ, ಬುಗಾಟಿಯದು ಕುದುರೆಯ ಲಾಳದ ಆಕಾರ, ಪ್ಯಾಕಾರ್ಡಿನದು ನೊಗದಂತೆ ಬಾಗಿದ ಭುಜ. ಹಳೆಯ ರೆನೋ ಕಾರುಗಳಲ್ಲಿ ರೇಡಿಯೇಟರ್ ಎಂಜಿನ್ನಿನ ಹಿಂದಿತ್ತು, ಹಾಗಾಗಿ ಬಾನೆಟ್ ಮುಂದಕ್ಕೆ ಇಳಿಜಾರಾಗಿ ಕಾಣುತ್ತದೆ. ಮಸುಕಾದ ಫೋಟೋದಲ್ಲೂ ಈ ಅಂಚುಗಳು ಉಳಿದಿರುತ್ತವೆ.

ಕಂಪನಿ ಗೊತ್ತಾದ ಮೇಲೆ ವರ್ಷದ ಪ್ರಶ್ನೆ. ಇದಕ್ಕೆ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿಗಿಂತ ಒಳ್ಳೆಯ ಪಾಠ ಬೇರೆಯಿಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾದ ಕಾರು ಅದು. ಕಾರು ಬದಲಾಗಲೇ ಇಲ್ಲ ಎಂಬ ಮಾತಿದೆ, ಆದರೆ ಫೋಟೋ ನೋಡುವವರು ಅದನ್ನು ಒಪ್ಪುವುದಿಲ್ಲ. ಮೊದಲ ವರ್ಷಗಳ ಟೂರರ್ ಎಂಬ ತೆರೆದ ಕಾರಿಗೆ ಮುಂದಿನ ಸೀಟಿನ ಪಕ್ಕ ಬಾಗಿಲೇ ಇಲ್ಲ. 1912ರ ಮಾದರಿಯಿಂದ ಮುಂದಿನ ಬಾಗಿಲು ಬಂತು, ಆದರೆ ಅಮೆರಿಕದಲ್ಲಿ ಚಾಲಕನ ಬದಿಯದು ಬರಿಯ ತಗಡಿನ ಗೆರೆ, ಅದು ತೆರೆಯುವುದಿಲ್ಲ. ಕೆನಡಾದ ಕಾರಖಾನೆಯವು ಎರಡೂ ಬದಿ ತೆರೆಯುತ್ತಿದ್ದವು. ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ, ನಮ್ಮ ದೇಶಕ್ಕೂ, ಬಲಗಡೆ ಸ್ಟಿಯರಿಂಗಿನ ಫೋರ್ಡ್‌ಗಳು ಕೆನಡಾದಿಂದಲೇ ಬರುತ್ತಿದ್ದವು. ಆದ್ದರಿಂದ ಇಲ್ಲಿಯ ಹಳೆಯ ಫೋಟೋವನ್ನು ಅಮೆರಿಕದ ಕೆಟಲಾಗಿಗೆ ಹೋಲಿಸಿ ನೋಡುವವರು ಈ ಬಾಗಿಲನ್ನು ಮರೆಯಬಾರದು.

1914ರ ಮಾದರಿಯವರೆಗೆ ಹೆಡ್‌ಲೈಟುಗಳು ಉರಿಯುತ್ತಿದ್ದುದು ಗ್ಯಾಸಿನಿಂದ. ಫುಟ್‌ಬೋರ್ಡಿನ ಮೇಲೆ ಹಿತ್ತಾಳೆಯ ಡಬ್ಬಿ, ಅದರಲ್ಲಿ ಕಾರ್ಬೈಡ್. ಅದರ ಮೇಲೆ ನೀರು ತೊಟ್ಟಿಕ್ಕಿದಾಗ ಹುಟ್ಟುವ ಅಸಿಟಿಲೀನ್ ಅನಿಲ ಕೊಳವೆಯಲ್ಲಿ ಹಾದು ದೀಪಕ್ಕೆ ಹೋಗುತ್ತಿತ್ತು. ಬದಿಯ ದೀಪಗಳಿಗೆ ಸೀಮೆಎಣ್ಣೆ. 1915ರ ಮಾದರಿಗೆ ಕರೆಂಟಿನ ಹೆಡ್‌ಲೈಟ್ ಬಂತು. ಎಂಜಿನ್ ಜೋರಾಗಿ ಓಡಿದಷ್ಟೂ ದೀಪ ಪ್ರಖರ, ನಿಧಾನವಾದರೆ ಮಂಕು. 1917ರ ಮಾದರಿಯಲ್ಲಿ ಹಿತ್ತಾಳೆಯ ರೇಡಿಯೇಟರ್ ಹೋಗಿ ಕಪ್ಪು ಕವಚ ಬಂತು, ಚಪ್ಪಟೆಯಾಗಿದ್ದ ಮಡ್‌ಗಾರ್ಡುಗಳು ಬಾಗಿದವು. ಹಾಗಾಗಿ ಫೋಟೋದಲ್ಲಿ ಹಿತ್ತಾಳೆ ರೇಡಿಯೇಟರಿನ ಜೊತೆ ಕರೆಂಟಿನ ಹೆಡ್‌ಲೈಟ್ ಕಂಡರೆ ಅದು 1915 ಅಥವಾ 1916ರ ಮಾದರಿ. ಎರಡು ವರ್ಷದ ಕಿಂಡಿಯೊಳಗೆ ಕಾರು ಸಿಕ್ಕಿಬಿದ್ದಂತೆ. ಇಲ್ಲೊಂದು ಎಚ್ಚರ ಬೇಕು. ಅಮೆರಿಕದಲ್ಲಿ 1917ರ ಮಾದರಿ ಮಾರಾಟಕ್ಕೆ ಬಂದದ್ದು 1916ರ ಆಗಸ್ಟಿನಲ್ಲಿ. ಮಾದರಿಯ ವರ್ಷ ಬೇರೆ, ಕ್ಯಾಲೆಂಡರಿನ ವರ್ಷ ಬೇರೆ.

ಮಿಕ್ಕ ಕಾರುಗಳಿಗೂ ಇಂಥ ಗಡಿಗಳಿವೆ. ಮುಂದಿನ ಚಕ್ರದೊಳಗೆ ಬ್ರೇಕಿನ ಡ್ರಮ್ ಕಾಣುತ್ತಿದೆಯೇ ನೋಡಿ. ಕಂಡರೆ ಸಾಮಾನ್ಯವಾಗಿ 1920ರ ದಶಕದ ನಡುಭಾಗ ದಾಟಿದೆ ಎನ್ನಬಹುದು. ಬ್ಯೂಕ್ ತನ್ನ 1924ರ ಮಾದರಿಗೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಕೊಟ್ಟಿತು, ಫೋರ್ಡ್ 1927ರ ಡಿಸೆಂಬರಿನ ಮಾಡೆಲ್ ಎ ಕಾರಿನವರೆಗೆ ಕಾಯಿತು. ಸಣಕಲು ಟೈರಿನ ಬದಲು ದಪ್ಪನೆಯ ಬಲೂನ್ ಟೈರು ಕಂಡರೆ 1923ರ ಈಚಿನದು. ಬೂದುಬಿಳಿ ಟೈರಾದರೆ ಇನ್ನೂ ಹಿಂದಕ್ಕೆ ಹೋಗಬೇಕು, ರಬ್ಬರಿಗೆ ಕಾರ್ಬನ್ ಮಸಿ ಬೆರೆಸುವುದು ಬಳಕೆಗೆ ಬಂದದ್ದು 1910ರ ದಶಕದಲ್ಲಿ. ಹೆಡ್‌ಲೈಟು ಮಡ್‌ಗಾರ್ಡಿನೊಳಗೆ ಸೇರಿಕೊಂಡಿದ್ದರೆ 1930ರ ದಶಕದ ಕೊನೆ ಎಂದು ಬಾಯಿಗೆ ಬರುತ್ತದೆ. ಆದರೆ ಪಿಯರ್ಸ್ ಆ್ಯರೋ ಎಂಬ ಅಮೆರಿಕನ್ ಕಾರಿಗೆ ಮೊದಲ ಮಹಾಯುದ್ಧ ಶುರುವಾಗುವ ಹೊತ್ತಿಗೇ ಮಡ್‌ಗಾರ್ಡಿನ ಮೇಲೆ ಹೆಡ್‌ಲೈಟುಗಳಿದ್ದವು. ಒಂದೇ ಗುರುತನ್ನು ನಂಬಿ ಇಸವಿ ಹೇಳುವವರನ್ನು ನಂಬಬೇಡಿ.

ಬಣ್ಣದ ವಿಷಯ ಬಂದರಂತೂ ಕಣ್ಣನ್ನೇ ನಂಬುವಂತಿಲ್ಲ. ಆ ಕಾಲದ ಆರ್ಥೋಕ್ರೋಮ್ಯಾಟಿಕ್ ಫಿಲ್ಮುಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಕಾರು ಕಪ್ಪಾಗಿ ಮೂಡುತ್ತಿತ್ತು, ನೀಲಿ ಕಾರು ಬೆಳ್ಳಗಾಗುತ್ತಿತ್ತು. 1914ರಿಂದ 1925ರವರೆಗೆ ಮಾಡೆಲ್ ಟಿ ಕಪ್ಪು ಬಣ್ಣದಲ್ಲಷ್ಟೇ ಸಿಗುತ್ತಿತ್ತು ಎಂಬುದು ನಿಜ. ಹಾಗೆಂದು ಫೋಟೋದಲ್ಲಿ ಕಪ್ಪಾಗಿ ಕಂಡ ಫೋರ್ಡ್ ಆ ವರ್ಷಗಳದೇ ಎನ್ನಲಾಗದು.

ಈ ಕೆಲಸಕ್ಕೆ ಅಧಿಕೃತ ಮುದ್ರೆ ಇರುವುದು ಇಂಗ್ಲೆಂಡಿನಲ್ಲಿ. 1930ರಲ್ಲಿ ಹುಟ್ಟಿದ ವೆಟರನ್ ಕಾರ್ ಕ್ಲಬ್ ಆಫ್ ಗ್ರೇಟ್ ಬ್ರಿಟನ್, 1919ಕ್ಕಿಂತ ಹಿಂದಿನ ಕಾರುಗಳನ್ನು ಪರಿಶೀಲಿಸಿ ತಯಾರಿಕೆಯ ವರ್ಷದ ಪ್ರಮಾಣಪತ್ರ ಕೊಡುತ್ತದೆ. ಪ್ರತಿ ನವೆಂಬರಿನಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ನಡೆಯುವ ಹಳೆಯ ಕಾರುಗಳ ಓಟ 1905ಕ್ಕೆ ಮೊದಲು ತಯಾರಾದ ಕಾರುಗಳಿಗೆಂದೇ ಮೀಸಲು. ಒಂದು ವರ್ಷ ಈಚೆಗೆ ಬಿದ್ದರೆ ಕಾರಿನ ಮಾನವೂ ಬೆಲೆಯೂ ಇಳಿಯುತ್ತವೆ, ಆದ್ದರಿಂದ ಅಲ್ಲಿ ಇಸವಿ ಎಂದರೆ ಹುಡುಗಾಟವಲ್ಲ. ದಾಖಲೆಗಳು ಕಳೆದುಹೋದ ಕಾರಿಗೆ ಅದೇ ಮಾದರಿಯ ಹಳೆಯ ಫೋಟೋಗಳು ಸಾಕ್ಷಿ ಹೇಳುತ್ತವೆ. ಇಲ್ಲಿ ಫೋಟೋ ಕಾರಿಗೆ ಆಧಾರವಾದರೆ, ಇನ್ನೊಂದು ಕಡೆ ಕಾರು ಫೋಟೋಗೆ ಆಧಾರ.

ನಂಬರ್ ಪ್ಲೇಟ್ ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಬ್ರಿಟನ್ನಿನಲ್ಲಿ 1904ರ ಜನವರಿ 1ರಿಂದ ನಂಬರ್ ಕಡ್ಡಾಯ, 1921ರಿಂದ 2014ರವರೆಗೆ ತೆರಿಗೆ ಕಟ್ಟಿದ ಗುರುತಿನ ದುಂಡನೆಯ ಚೀಟಿಯೂ ಇತ್ತು. ಅಮೆರಿಕದ ಅನೇಕ ರಾಜ್ಯಗಳು ವರ್ಷಕ್ಕೊಂದು ಹೊಸ ಪ್ಲೇಟ್ ಕೊಡುತ್ತಿದ್ದವು, ಹಲವುಗಳ ಮೇಲೆ ಇಸವಿಯೇ ಕೆತ್ತಿರುತ್ತಿತ್ತು. ಪ್ಲೇಟಿನ ಅಕ್ಷರಗಳು ತಿರುಗುಮುರುಗಾಗಿ ಕಂಡರೆ ನೆಗೆಟಿವನ್ನು ತಿರುವಿ ಮುದ್ರಿಸಿದ್ದಾರೆ ಎಂದರ್ಥ. ಆಗ ಬಲಗಡೆಯ ಸ್ಟಿಯರಿಂಗ್ ಎಡಕ್ಕೆ ಬಂದಿರುತ್ತದೆ, ಕೋಟಿನ ಗುಂಡಿಗಳೂ ಬದಿ ಬದಲಿಸಿರುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದಿದೆ, ಹೆಚ್ಚು ಮಂದಿ ಎಡವುವುದೂ ಅಲ್ಲೇ. ಕಾರು ಹೇಳುವುದು ಫೋಟೋ ಯಾವ ವರ್ಷಕ್ಕಿಂತ ಹಿಂದಿನದಲ್ಲ ಎಂಬುದನ್ನು ಮಾತ್ರ. 1915ರ ಕಾರು 1930ರ ಫೋಟೋದಲ್ಲಿ ನಿಂತಿರಬಹುದು. ಬೀದಿಯಲ್ಲಿ ಹತ್ತು ಕಾರುಗಳಿದ್ದರೆ ಎಲ್ಲಕ್ಕಿಂತ ಹೊಸದು ಯಾವುದೆಂದು ಹುಡುಕಬೇಕು, ಫೋಟೋದ ಕಾಲ ಅದರದು ಅಥವಾ ಅದಕ್ಕಿಂತ ಈಚಿನದು. ಒಂದೇ ಕಾರಿದ್ದರೆ ಅದರ ಸವೆತ ನೋಡಬೇಕು. ನೆಗ್ಗಿದ ಮಡ್‌ಗಾರ್ಡು, ತೇಪೆ ಹಾಕಿದ ಟಾಪು, ಜೊತೆ ತಪ್ಪಿದ ಹೆಡ್‌ಲೈಟುಗಳು ಕಾರು ಎಷ್ಟು ವರ್ಷ ದುಡಿದಿದೆ ಎಂದು ಹೇಳುತ್ತವೆ. ಮಾಲೀಕರು ಹಳೆಯ ಕಾರಿಗೆ ಹೊಸ ರೇಡಿಯೇಟರ್ ಕೂರಿಸುತ್ತಿದ್ದುದೂ ಉಂಟು. ಹಾಗಾಗಿ ಸುಲಭವಾಗಿ ಬಿಚ್ಚಿ ಹಾಕಬಹುದಾದ ಭಾಗಕ್ಕಿಂತ ಬಾಡಿಯ ಆಕಾರ, ಬಾಗಿಲಿನ ಕೀಲುಗಳಿಗೆ ಹೆಚ್ಚು ಬೆಲೆ ಕೊಡಬೇಕು. ಸ್ಟುಡಿಯೋಗಳಲ್ಲಿ, ನಮ್ಮ ಜಾತ್ರೆಯ ಫೋಟೋ ಅಂಗಡಿಗಳಲ್ಲಿ, ರಟ್ಟಿನ ಕಾರುಗಳೂ ಇರುತ್ತಿದ್ದವು. ಚಕ್ರದ ಕೆಳಗೆ ನೆರಳು ಬಿದ್ದಿದೆಯೇ ಎಂದು ನೋಡಿದರೆ ಗೊತ್ತಾಗಿಬಿಡುತ್ತದೆ.

ನಮ್ಮ ಮನೆಗಳ ಆಲ್ಬಮ್ಮುಗಳಿಗೂ ಇದೇ ಲೆಕ್ಕ. ಫೋರ್ಡ್ ಕಂಪನಿ 1926ರಲ್ಲಿ ಭಾರತದಲ್ಲಿ ಶಾಖೆ ತೆರೆಯಿತು, ಜನರಲ್ ಮೋಟಾರ್ಸ್ 1928ರಲ್ಲಿ ಮುಂಬೈಯ ಸೇವ್ರಿಯಲ್ಲಿ ಕಾರು ಜೋಡಿಸತೊಡಗಿತು. ಆಮೇಲಿನ ತಲೆಮಾರಿನ ಫೋಟೋಗಳಲ್ಲಿ ಹೆಚ್ಚಾಗಿ ಸಿಗುವುದು ಅಂಬಾಸಡರ್ ಮತ್ತು ಫಿಯೆಟ್. 1957ರಿಂದ 2014ರವರೆಗೆ ನಡೆದ ಅಂಬಾಸಡರ್ ಹೊರಗಿನಿಂದ ಒಂದೇ ರೀತಿ ಎನಿಸಿದರೂ ಮುಂಭಾಗದ ಜಾಲರಿ ಬದಲಾಗುತ್ತ ಬಂದಿದೆ. ಒತ್ತೊತ್ತಾದ ಚೌಕುಳಿ ಜಾಲರಿಯ ಮಾರ್ಕ್ 2 ಬಂದದ್ದು 1960ರ ದಶಕದ ಮೊದಲ ವರ್ಷಗಳಲ್ಲಿ. ಫಿಯೆಟ್ಟಿಗೆ ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. ನಂಬರ್ ಪ್ಲೇಟಿನಲ್ಲಿ ಕೆಎ ಎಂದಿದ್ದರೆ ಫೋಟೋ 1989ರ ಜುಲೈಗಿಂತ ಹಿಂದಿನದಲ್ಲ, ಎಂ.ವೈ. ಎಂದು ಶುರುವಾಗುವ ನಂಬರುಗಳು ಅದಕ್ಕೂ ಮೊದಲು ಕೊಟ್ಟವು. ಕಣ್ಣು ಪಳಗಿಸಿಕೊಳ್ಳಬೇಕೆನ್ನುವವರು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬಹುದು.

ಹಳೆಯ ಫೋಟೋ ಮನೆಯಲ್ಲಿದ್ದರೆ ಅದನ್ನು ಚೌಕಟ್ಟಿಗೆ ಹೊಂದಿಸಲು ಅಂಚು ಕತ್ತರಿಸಬೇಡಿ. ಅಂಚಿನಲ್ಲಿ ಅರ್ಧ ಕಾಣುವ ಚಕ್ರವೇ ಇಸವಿ ಹೇಳೀತು. ಮೊಬೈಲಿನಲ್ಲಿ ಕ್ಲಿಕ್ಕಿಸಿ ಸುಮ್ಮನಾಗದೆ ಎರಡೂ ಬದಿಯನ್ನು ಸರಿಯಾಗಿ ಸ್ಕ್ಯಾನ್ ಮಾಡಿಸಿ. ಹಿಂಬದಿಯಲ್ಲಿ ಪೆನ್ನಿನ ಬದಲು ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ, ಗೊತ್ತಿರುವ ಹೆಸರುಗಳನ್ನು ಬರೆದಿಡಿ. ಆ ಕಾರು ಯಾರದಾಗಿತ್ತು, ಯಾವಾಗ ಕೊಂಡರು, ಯಾವಾಗ ಮಾರಿದರು ಎಂದು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಇವತ್ತೇ ಕೇಳಿ ಬರೆದುಕೊಳ್ಳಿ.