ಎಳೆದರೂ ಕೆಡದ ತ್ರಿಭುಜ

ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶ ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ತರಬೇತಿಯಲ್ಲೂ ಬಳಕೆಯಾಗಿದೆ. 1963ರಿಂದ ಶಿಕ್ಷಕರನ್ನು ರೂಪಿಸುತ್ತಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿರುವ ಮೈಸೂರಿನ ತರಗತಿಗಳಲ್ಲಿ ಅದಕ್ಕೆ ಕಾಯಂ ಜಾಗ ಸಿಗಬೇಕು. ಅದರ ಪರದೆಯಲ್ಲಿ ಅಂದಾಜಿನಿಂದ ಬರೆದ ಸಮದ್ವಿಬಾಹು ತ್ರಿಭುಜದ ಶೃಂಗವನ್ನು ಮೌಸ್‌ನಿಂದ ಎಳೆದರೆ ಆಕಾರ ಕೆಡುತ್ತದೆ. ಒಂದೇ ವೃತ್ತದ ಎರಡು ತ್ರಿಜ್ಯಗಳನ್ನು ಬಾಹುಗಳಾಗಿಸಿದರೆ ಎಷ್ಟು ಎಳೆದರೂ ಅದು ಸಮದ್ವಿಬಾಹುವೇ. ವ್ಯಾಸವನ್ನು ಪಾದವಾಗಿಸಿ ಮೂರನೇ ಶೃಂಗವನ್ನು ವೃತ್ತದ ಮೇಲೆ ಎಲ್ಲಿ ಸರಿಸಿದರೂ ಅಲ್ಲಿನ ಕೋನ 90 ಡಿಗ್ರಿಯೇ. ಲಕ್ಷಣ ಅರಿಯದೆ ಇಂಥ ರಚನೆ ಸಾಧ್ಯವಿಲ್ಲ.

ಪರೀಕ್ಷೆಯಲ್ಲಿ ಮೌಸ್ ಇರದು, ಕೈವಾರಕ್ಕೆ ಕೈ ಪಳಗದು ಎಂಬ ಆಕ್ಷೇಪ ಸರಿಯೇ. ಪರದೆಯಲ್ಲಿ ಕಂಡದ್ದೆಲ್ಲ ಸಾಧನೆಯೂ ಆಗದು. ಆದ್ದರಿಂದ ಮೊದಲು ಕೈವಾರ, ಬಳಿಕ ಪರದೆ, ಕೊನೆಗೆ ಸಾಧನೆ: ಶಿಕ್ಷಕರು ಈ ಕ್ರಮ ಪಾಲಿಸಲಿ.