ಒಂದು ರಾತ್ರಿಯ 25 ಅಂಕ

2015ರ ಮೇ 8. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್‌ನ ಎರಡನೇ ಸುತ್ತಿನಲ್ಲಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಮತ್ತು ಹ್ಯೂಸ್ಟನ್ ರಾಕೆಟ್ಸ್ ತಲಾ ಒಂದು ಪಂದ್ಯ ಗೆದ್ದು ಮೂರನೆಯದಕ್ಕೆ ಲಾಸ್ ಏಂಜಲೀಸ್‌ನ ಸ್ಟೇಪಲ್ಸ್ ಸೆಂಟರ್‌ನಲ್ಲಿ ಎದುರಾಗಿದ್ದವು. ಕ್ಲಿಪ್ಪರ್ಸ್‌ನ ಜೀವಾಳವೇ ಆಗಿದ್ದ ಕ್ರಿಸ್ ಪಾಲ್ ತೊಡೆಯ ಸ್ನಾಯುವಿನ ನೋವಿನಿಂದ ಮೊದಲೆರಡು ಪಂದ್ಯ ಹೊರಗುಳಿದು ಅಂದಷ್ಟೇ ಮರಳಿದ್ದರು. ಹೆಚ್ಚು ಹೊತ್ತು ಆಡುವ ಸ್ಥಿತಿ ಅವರದಾಗಿರಲಿಲ್ಲ. ಆ ಖಾಲಿ ಜಾಗಕ್ಕೆ ಬೆಂಚಿನಿಂದ ಎದ್ದು ಬಂದವರು 22 ವರ್ಷದ ಆಸ್ಟಿನ್ ರಿವರ್ಸ್. 13 ಎಸೆತಗಳಲ್ಲಿ 10 ಬುಟ್ಟಿಗೆ ಬಿದ್ದವು. ಒಟ್ಟು 25 ಅಂಕ, ಅದರಲ್ಲಿ ಹೆಚ್ಚಿನ ಪಾಲು ಮೂರನೇ ಕ್ವಾರ್ಟರಿನಲ್ಲೇ ಬಂತು. ಕ್ಲಿಪ್ಪರ್ಸ್ 124-99ರಿಂದ ಗೆದ್ದಿತು. ಅಂದು 31 ಅಂಕ ಗಳಿಸಿದ್ದ ಜೆ.ಜೆ. ರೆಡಿಕ್‌ಗಿಂತ ಹೆಚ್ಚು ಮಾತು ನಡೆದದ್ದು ಈ ಹುಡುಗನ ಬಗ್ಗೆ.

ಅದಕ್ಕೆ ಕಾರಣವಿತ್ತು. ಅಲ್ಲಿಯವರೆಗೆ ರಿವರ್ಸ್ ಹೆಸರು ಕೇಳಿಬರುತ್ತಿದ್ದುದು ಬಹುತೇಕ ಟೀಕೆಯ ಜೊತೆಗೇ.

ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಒಂದೇ ವರ್ಷ ಆಡಿ 2012ರ ಡ್ರಾಫ್ಟ್‌ಗೆ ಬಂದವರು ಅವರು. ಕಾಲೇಜಿನಿಂದ ಬರುವ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಆ ದಿನ ನ್ಯೂ ಆರ್ಲಿಯನ್ಸ್ ಅವರನ್ನು ಹತ್ತನೆಯವರಾಗಿ ಆರಿಸಿತು. ಅದೇ ತಂಡ ಅದೇ ದಿನ ಮೊದಲನೆಯವರಾಗಿ ಆರಿಸಿದ್ದು ಆಂಥೊನಿ ಡೇವಿಸ್ ಅವರನ್ನು. ಹೋಲಿಕೆಗೆ ಅಷ್ಟು ಸಾಕಾಯಿತು. ಮೊದಲ ಋತುವಿನಲ್ಲಿ ರಿವರ್ಸ್ ಪಂದ್ಯಕ್ಕೆ ಸರಾಸರಿ 6.2 ಅಂಕ ಗಳಿಸಿದರು. ನೂರು ಎಸೆತಕ್ಕೆ 37 ಬುಟ್ಟಿ ಸೇರಿದವು. ಯಾರೂ ಅಡ್ಡಬರದೆ ನಿಂತಲ್ಲಿಂದ ಎಸೆಯುವ ಫ್ರೀ ಥ್ರೋಗಳಲ್ಲೂ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಒಳಗೆ ಹೋದವು. ಕೊನೆಗೆ ಕೈಮೂಳೆ ಮುರಿದು ಆ ಋತುವೇ ಮುಗಿಯಿತು. ಮುಂದಿನ ಎರಡು ವರ್ಷಗಳಲ್ಲೂ ದೊಡ್ಡ ಬದಲಾವಣೆ ಕಾಣಲಿಲ್ಲ. 2015ರ ಜನವರಿಯಲ್ಲಿ ಅವರನ್ನು ಬಾಸ್ಟನ್‌ಗೆ ಕೊಡಲಾಯಿತು, ಕೆಲವೇ ದಿನಗಳಲ್ಲಿ ಬಾಸ್ಟನ್ ಕ್ಲಿಪ್ಪರ್ಸ್‌ಗೆ ದಾಟಿಸಿತು.

ಆಗ ಕ್ಲಿಪ್ಪರ್ಸ್‌ನ ಕೋಚ್ ಆಗಿದ್ದವರು ಡಾಕ್ ರಿವರ್ಸ್, ಆಸ್ಟಿನ್ ತಂದೆ. ಆಟಗಾರರ ಖರೀದಿ, ವಿನಿಮಯದ ಕೊನೆಯ ಮಾತೂ ಅವರದೇ ಆಗಿತ್ತು. ಎನ್‌ಬಿಎ ಇತಿಹಾಸದಲ್ಲಿ ತಂದೆಯ ಕೋಚಿಂಗ್ ಕೆಳಗೆ ಆಡಿದ ಮೊದಲ ಆಟಗಾರ ಆಸ್ಟಿನ್. ಅಪ್ಪನ ಕೃಪೆಯಿಂದ ಬಂದವನು ಎಂಬ ಮಾತು ಆ ಕ್ಷಣದಿಂದಲೇ ಬೆನ್ನುಹತ್ತಿತು. ಚೆನ್ನಾಗಿ ಆಡದ ಹುಡುಗನಿಗೆ ಇದಕ್ಕಿಂತ ಭಾರದ ಹೊರೆ ಇರಲಾರದು: ತಪ್ಪಿದ ಪ್ರತಿ ಎಸೆತಕ್ಕೂ ಅವನ ಜೊತೆ ಅವನ ಅಪ್ಪನೂ ಉತ್ತರ ಹೇಳಬೇಕು.

ಹೀಗಿರುವಾಗ 25 ಅಂಕ ಬಂತು. ಅದಕ್ಕೂ ಮೊದಲಿನ ಸುತ್ತಿನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ವಿರುದ್ಧದ ನಾಲ್ಕನೇ ಪಂದ್ಯದಲ್ಲಿ ಎಂಟು ಎಸೆತಗಳಲ್ಲಿ ಏಳನ್ನು ಬುಟ್ಟಿಗೆ ಹಾಕಿ 16 ಅಂಕ, ಹ್ಯೂಸ್ಟನ್ ವಿರುದ್ಧದ ಮೊದಲ ಪಂದ್ಯದಲ್ಲಿ 17 ಅಂಕ ಬಂದಿದ್ದವು. ಹಾಗಾದರೆ ಮೂರು ವರ್ಷಗಳಿಂದ ಜನ ಹೇಳುತ್ತಿದ್ದುದು ಸುಳ್ಳೇ? ಅಥವಾ ಈ ಕೆಲವು ರಾತ್ರಿಗಳೇ ಸುಳ್ಳೇ?

ಇದಕ್ಕೆ ಮೊದಲು ಲೆಕ್ಕದ ಉತ್ತರ ನೋಡಬೇಕು. ನೂರು ಎಸೆತಕ್ಕೆ 42 ಬುಟ್ಟಿಗೆ ಹಾಕುವ ಒಬ್ಬ ಆಟಗಾರನಿದ್ದಾನೆ ಎಂದುಕೊಳ್ಳೋಣ. ರಿವರ್ಸ್ ಅವರ ವೃತ್ತಿಜೀವನದ ಸರಾಸರಿ ಹೆಚ್ಚುಕಡಿಮೆ ಅಷ್ಟೇ. ಅವನ ಆಟದಲ್ಲಿ ಏನೂ ಬದಲಾಗದೆ, ಬರೀ ಆಕಸ್ಮಿಕವಾಗಿ, 13ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬೀಳುವ ಸಾಧ್ಯತೆ ಸುಮಾರು 86ಕ್ಕೆ ಒಂದು. ಅಪರೂಪವೇ ನಿಜ. ಆದರೆ ಎನ್‌ಬಿಎ ತಂಡ ಒಂದು ಋತುವಿನಲ್ಲಿ 82 ಪಂದ್ಯ ಆಡುತ್ತದೆ. ಪ್ರತಿ ಪಂದ್ಯದಲ್ಲೂ ಅಷ್ಟೇ ಎಸೆತಗಳ ಅವಕಾಶ ಸಿಕ್ಕರೆ ಅಂಥ ರಾತ್ರಿ ವರ್ಷಕ್ಕೊಮ್ಮೆ ತಾನಾಗಿ ಬರುತ್ತದೆ. ಅದು ನವೆಂಬರ್‌ನ ಯಾವುದೋ ಮಂಗಳವಾರ ಬಂದಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಮೇ ತಿಂಗಳಲ್ಲಿ ಬಂದದ್ದರಿಂದ ದೇಶವೆಲ್ಲ ನೋಡಿತು.

ಇನ್ನೊಂದು ಲೆಕ್ಕವೂ ಇದೆ. ಅಲ್ಲಿಯವರೆಗೆ ಸಾವಿರ ಎಸೆತಗಳಲ್ಲಿ 400 ಹಾಕಿದ ಆಟಗಾರನ ಖಾತೆಗೆ ಈ 13ರಲ್ಲಿ 10ನ್ನು ಸೇರಿಸಿ. ಶೇ. 40 ಇದ್ದದ್ದು ಶೇ. 40.5 ಆಗುತ್ತದೆ, ಅಷ್ಟೇ. ಕಣ್ಣಿಗೆ ಬೆಟ್ಟದಂತೆ ಕಂಡ ರಾತ್ರಿ ಖಾತೆಯಲ್ಲಿ ಅರ್ಧ ಅಂಶಕ್ಕೆ ಇಳಿಯುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎನ್ನುವುದುಂಟು. ಅದು ನಿಜವಾಗುವುದು ಪಾತ್ರೆಯ ಎಲ್ಲ ಅಗುಳೂ ಒಂದೇ ಉರಿಯಲ್ಲಿ, ಒಂದೇ ನೀರಿನಲ್ಲಿ ಬೆಂದಿರುವುದರಿಂದ. ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಹಾಗೆ ಬೇಯುವುದಿಲ್ಲ. ಎದುರಾಳಿ ಬೇರೆ, ಜೊತೆಗಾರರು ಬೇರೆ, ಸಿಕ್ಕ ನಿಮಿಷಗಳು ಬೇರೆ.

ಆ ರಾತ್ರಿಯ ಎದುರಾಳಿಯನ್ನೇ ನೋಡಿ. ಹ್ಯೂಸ್ಟನ್‌ನಲ್ಲಿ ಚೆಂಡನ್ನು ಮುಂದೊಯ್ಯುವ ಎದುರಾಳಿ ಗಾರ್ಡ್‌ಗಳ ಉಸಿರು ಕಟ್ಟಿಸುತ್ತಿದ್ದ ಪ್ಯಾಟ್ರಿಕ್ ಬೆವರ್ಲಿ ಮಣಿಕಟ್ಟಿನ ಗಾಯದಿಂದ ಪ್ಲೇಆಫ್ ಆಡಲೇ ಇಲ್ಲ. ಅವರ ಕೆಲಸವನ್ನು ಹಂಚಿಕೊಂಡವರು ಜೇಸನ್ ಟೆರ್ರಿ ಮತ್ತು ಪಾಬ್ಲೊ ಪ್ರಿಜಿಯೋನಿ. ಇಬ್ಬರಿಗೂ ಆಗ 37 ವರ್ಷ. ಚೆಂಡನ್ನು ನೆಲಕ್ಕೆ ತಟ್ಟುತ್ತ ಬುಟ್ಟಿಯತ್ತ ನುಗ್ಗುವುದೇ ರಿವರ್ಸ್ ಅವರ ನಿಜವಾದ ಬಲ. 22ರ ಕಾಲುಗಳನ್ನು 37ರ ಕಾಲುಗಳು ತಡೆಯಬೇಕಿತ್ತು. ಜೊತೆಗೆ ರೆಡಿಕ್‌ನಂಥ ದೂರದ ಗುರಿಕಾರನನ್ನೂ ಬ್ಲೇಕ್ ಗ್ರಿಫಿನ್‌ನಂಥ ಬಲಶಾಲಿಯನ್ನೂ ಬಿಟ್ಟು ಹ್ಯೂಸ್ಟನ್‌ನ ಯಾರೂ ಬಂದು ರಿವರ್ಸ್‌ಗೆ ಅಡ್ಡ ನಿಲ್ಲುವಂತಿರಲಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಈ ಹುಡುಗನಿಗೆ ಅಷ್ಟು ತೆರೆದ ದಾರಿ ಸಿಕ್ಕಿರಲಿಲ್ಲ.

ಇದನ್ನು ಹೇಳುವುದು ಅವರ ಸಾಧನೆಯನ್ನು ಕುಗ್ಗಿಸಲು ಅಲ್ಲ. ಅಂದಿನ ಅಂಕಗಳ ಮೊತ್ತಕ್ಕಿಂತ ಆ ಅಂಕಗಳು ಬಂದ ಬಗೆ ಹೆಚ್ಚು ಹೇಳುತ್ತದೆ. ತಾರೆಗಳ ನಡುವೆ, ಕಡಿಮೆ ಹೊಣೆಯಲ್ಲಿ, ತೆರೆದ ಜಾಗದಲ್ಲಿ ಆಡಲು ಬಿಟ್ಟರೆ ಈತ ತಂಡಕ್ಕೆ ಉಪಯೋಗಕ್ಕೆ ಬರುತ್ತಾನೆ ಎಂಬುದು ಆ ರಾತ್ರಿ ಕಂಡಿತು. ಅವನೇ ತಾರೆಯಾಗುತ್ತಾನೆ ಎಂದು ಹೇಳುವ ಯಾವ ಗುರುತೂ ಅದರಲ್ಲಿ ಇರಲಿಲ್ಲ.

ಅದೇ ವಸಂತದಲ್ಲಿ ಇನ್ನೊಂದು ನಗರದಲ್ಲಿ ಇಂಥದೇ ಪ್ರಶ್ನೆ ಎದ್ದಿತ್ತು. ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್‌ನ ಸಿ.ಜೆ. ಮೆಕಾಲಮ್ ಕೂಡ ಡ್ರಾಫ್ಟ್‌ನಲ್ಲಿ ಹತ್ತನೆಯವರೇ, 2013ರಲ್ಲಿ. ಅವರಿಗೂ ರಿವರ್ಸ್‌ಗೂ ಹಳೆಯ ನಂಟಿತ್ತು. 2012ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ ಸಣ್ಣ ಲೀಹೈ ವಿಶ್ವವಿದ್ಯಾಲಯದ ತಂಡ ರಾಷ್ಟ್ರೀಯ ಕಾಲೇಜು ಟೂರ್ನಿಯಲ್ಲಿ ಬಲಾಢ್ಯ ಡ್ಯೂಕ್ ತಂಡವನ್ನು 75-70ರಿಂದ ಮಣಿಸಿತ್ತು. ಅಂದು ಲೀಹೈಗೆ 30 ಅಂಕ ಗಳಿಸಿಕೊಟ್ಟವರು ಮೆಕಾಲಮ್. ರಿವರ್ಸ್ ಅವರ ಕಾಲೇಜು ಆಟ ಮುಗಿದದ್ದು ಅದೇ ಸೋಲಿನಲ್ಲಿ.

ಎನ್‌ಬಿಎಗೆ ಬಂದ ಮೇಲೆ ಮೆಕಾಲಮ್ ಕೂಡ ಒದ್ದಾಡಿದರು. ಮೊದಲ ಋತು ಶುರುವಾಗುವ ಮೊದಲೇ ಎಡಪಾದದ ಮೂಳೆ ಮತ್ತೆ ಮುರಿಯಿತು. ಆ ವರ್ಷ 38 ಪಂದ್ಯ, ಪಂದ್ಯಕ್ಕೆ 5.3 ಅಂಕ. ಎರಡನೇ ವರ್ಷವೂ 6.8 ಅಂಕವಷ್ಟೇ. 2015ರ ಮಾರ್ಚ್‌ನಲ್ಲಿ ಜೊತೆಗಾರ ವೆಸ್ಲಿ ಮ್ಯಾಥ್ಯೂಸ್ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿದಾಗ ಮೆಕಾಲಮ್‌ಗೆ ನಿಮಿಷಗಳು ಸಿಕ್ಕವು. ಪ್ಲೇಆಫ್‌ನಲ್ಲಿ ಮೆಂಫಿಸ್ ವಿರುದ್ಧ ಮೂರನೇ ಪಂದ್ಯದಲ್ಲಿ 26, ಐದನೆಯದರಲ್ಲಿ 33 ಅಂಕ ಗಳಿಸಿದರು. ತಂಡ 4-1ರಿಂದ ಸೋತು ಮನೆಗೆ ಹೋಯಿತು.

ಮುಂದಿನ ವರ್ಷ ಮೆಕಾಲಮ್ ಸರಾಸರಿ 20.8ಕ್ಕೆ ಏರಿತು. ಆ ಋತುವಿನಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರನ ಪ್ರಶಸ್ತಿ ಅವರಿಗೇ ಬಂತು. ರಿವರ್ಸ್ ಸರಾಸರಿ ಅದೇ ಅವಧಿಯಲ್ಲಿ 8.9.

ಇಬ್ಬರೂ ಹತ್ತನೆಯ ಆಯ್ಕೆ, ಇಬ್ಬರದೂ ಕಷ್ಟದ ಆರಂಭ, ಒಂದೇ ತಿಂಗಳ ಅಂತರದಲ್ಲಿ ಇಬ್ಬರಿಗೂ ಹೊಳೆಯುವ ಪ್ಲೇಆಫ್ ರಾತ್ರಿಗಳು. ಫಲ ಮಾತ್ರ ಬೇರೆ. ಮುಂಚೆಯೇ ಇದನ್ನು ಗುರುತಿಸಬಹುದಿತ್ತೇ? ಪೂರ್ತಿಯಾಗಿ ಅಲ್ಲ, ಆದರೆ ಸುಳಿವುಗಳಿದ್ದವು. ಮೆಕಾಲಮ್ ಕಡಿಮೆ ಅಂಕ ಗಳಿಸಿದ್ದರೇ ಹೊರತು ಕೆಟ್ಟದಾಗಿ ಎಸೆದಿರಲಿಲ್ಲ. ಎರಡನೇ ವರ್ಷ ದೂರದಿಂದ ಎಸೆಯುವ ಅವರ ತ್ರೀ-ಪಾಯಿಂಟರ್‌ಗಳಲ್ಲಿ ಶೇ. 40ರ ಹತ್ತಿರ ಒಳಗೆ ಬಿದ್ದಿದ್ದವು. ಅವಕಾಶ ಸಿಕ್ಕ ಮಾರ್ಚ್, ಏಪ್ರಿಲ್‌ನಲ್ಲೇ 20 ಅಂಕ ದಾಟಿದ ರಾತ್ರಿಗಳು ಬಂದಿದ್ದವು. ಅಂದರೆ ಪ್ಲೇಆಫ್‌ನ 33 ಅಂಕ ಎಲ್ಲಿಂದಲೋ ಉದುರಿದ್ದಲ್ಲ, ಮೊದಲೇ ಇದ್ದ ಸುಳಿವಿನ ಮುಂದುವರಿಕೆ. ಅವರ ವಿರುದ್ಧದ ಸಾಕ್ಷ್ಯವೂ ತೆಳುವಾಗಿತ್ತು: ನೂರು ಪಂದ್ಯ, ಅದರಲ್ಲಿ ಬಹಳಷ್ಟು ಪಂದ್ಯಗಳಲ್ಲಿ ಸಿಕ್ಕಿದ್ದು ಕೆಲವೇ ನಿಮಿಷ. ರಿವರ್ಸ್ ಆ ಹೊತ್ತಿಗೆ ಇನ್ನೂರರ ಸಮೀಪ ಪಂದ್ಯ ಆಡಿದ್ದರು, ಎಸೆತದ ಗುರಿ ತಪ್ಪುತ್ತಲೇ ಇತ್ತು. ಹೆಚ್ಚು ನೋಡಿದವನ ಬಗ್ಗೆ ಅಭಿಪ್ರಾಯ ಬದಲಿಸಲು ಹೆಚ್ಚು ಸಾಕ್ಷ್ಯ ಬೇಕು, ಕಡಿಮೆ ನೋಡಿದವನ ವಿಷಯದಲ್ಲಿ ಕೆಲವು ರಾತ್ರಿಗಳೂ ತೂಗುತ್ತವೆ.

ಕನ್ನಡ ಓದುಗರಿಗೆ ಕ್ರಿಕೆಟ್‌ನ ಒಂದು ಹೆಸರು ಇಲ್ಲಿ ನೆನಪಾಗದೆ ಇರದು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ತಮ್ಮ ಮೂರನೇ ಟೆಸ್ಟ್ ಇನಿಂಗ್ಸ್‌ನಲ್ಲೇ ಕರ್ನಾಟಕದ ಕರುಣ್ ನಾಯರ್ ಔಟಾಗದೆ 303 ರನ್ ಹೊಡೆದರು. ಮುಂದಿನ ಟೆಸ್ಟ್‌ಗೆ ಹನ್ನೊಂದರಲ್ಲಿ ಜಾಗ ಸಿಗಲಿಲ್ಲ. ಆಮೇಲೆ ಆಸ್ಟ್ರೇಲಿಯಾ ವಿರುದ್ಧ ನಾಲ್ಕು ಇನಿಂಗ್ಸ್‌ಗಳಲ್ಲಿ 26, 0, 23, 5. ಅಲ್ಲಿಗೆ ಬಾಗಿಲು ಮುಚ್ಚಿತು, ಮತ್ತೆ ತೆರೆದದ್ದು 2025ರಲ್ಲಿ. ಆ 303ನ್ನು ಆಕಸ್ಮಿಕ ಎನ್ನುವವರು ಒಂದು ಸಂಗತಿ ಮರೆಯುತ್ತಾರೆ: 2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ ಅದೇ ಬ್ಯಾಟ್ಸ್‌ಮನ್ 328 ಹೊಡೆದಿದ್ದರು. ದೊಡ್ಡ ಇನಿಂಗ್ಸ್‌ಗೆ ಹಿಂದಿನ ಆಧಾರವಿತ್ತು. ಅವರನ್ನು ಕೈಬಿಡಲು ಬಳಸಿದ ನಾಲ್ಕು ಇನಿಂಗ್ಸ್‌ಗಳ ಆಧಾರ ಅದಕ್ಕಿಂತ ಎಷ್ಟೋ ಬಡವಾಗಿತ್ತು. ಒಂದು ರಾತ್ರಿ ನೋಡಿ ಹೊಗಳುವುದು ಅವಸರವಾದರೆ ನಾಲ್ಕು ಇನಿಂಗ್ಸ್ ನೋಡಿ ತಳ್ಳಿಹಾಕುವುದೂ ಅವಸರವೇ.

ಹೊಗಳಿಕೆಯ ಅವಸರಕ್ಕೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ದುಬಾರಿ ಉದಾಹರಣೆಯೊಂದಿದೆ. ಸಿಯಾಟಲ್ ಸೂಪರ್‌ಸಾನಿಕ್ಸ್‌ನ ಎತ್ತರದ ಆಟಗಾರ ಜೆರೋಮ್ ಜೇಮ್ಸ್ 2005ರ ಋತುವಿನಲ್ಲಿ ಪಂದ್ಯಕ್ಕೆ ಐದು ಅಂಕವನ್ನೂ ಮುಟ್ಟಿರಲಿಲ್ಲ. ಪ್ಲೇಆಫ್‌ನ ಕೆಲವು ಪಂದ್ಯಗಳಲ್ಲಿ ಸರಾಸರಿ 12.5ಕ್ಕೆ ಏರಿತು. ಅದನ್ನು ನೋಡಿ ನ್ಯೂಯಾರ್ಕ್ ನಿಕ್ಸ್ ಐದು ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ಕೊಟ್ಟಿತು. ಆ ತಂಡಕ್ಕೆ ಅವರು ಆಡಿದ್ದು ಎಲ್ಲ ಸೇರಿ 90ರಷ್ಟು ಪಂದ್ಯ. ಜೇಮ್ಸ್‌ಗೆ ಆಗ 29 ದಾಟಿತ್ತು, ಏಳು ಅಡಿಯ ಆ ದೇಹ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದಕ್ಕೆ ಹಲವು ವರ್ಷಗಳ ದಾಖಲೆ ಕಣ್ಣೆದುರೇ ಇತ್ತು. ತಂಡ ಅದನ್ನು ಬದಿಗಿಟ್ಟು ಕೆಲವೇ ವಾರಗಳ ಆಟವನ್ನು ನಂಬಿತು.

22ರ ಹುಡುಗನ ವಿಷಯದಲ್ಲಿ ಮಾತ್ರ ಹಳೆಯ ದಾಖಲೆಯನ್ನು ಅಷ್ಟೇ ಗಟ್ಟಿಯಾಗಿ ಹಿಡಿಯುವುದು ನ್ಯಾಯವಲ್ಲ. ಇಪ್ಪತ್ತರ ವಯಸ್ಸಿನಲ್ಲಿ ತಪ್ಪಿದ ಎಸೆತ 22ರಲ್ಲಿ ತಪ್ಪಲೇಬೇಕೆಂದಿಲ್ಲ. ಈ ವಯಸ್ಸಿನಲ್ಲಿ ದೇಹ ಗಟ್ಟಿಯಾಗುತ್ತದೆ, ಆಟದ ವೇಗಕ್ಕೆ ಕಣ್ಣು ಒಗ್ಗುತ್ತದೆ, ಸುಮ್ಮನೆ ಕೈಬಿಡಬೇಕಾದ ಎಸೆತ ಯಾವುದೆಂದು ತಿಳಿಯತೊಡಗುತ್ತದೆ. ಆದ್ದರಿಂದ ಪ್ಲೇಆಫ್‌ನ ಆ ರಾತ್ರಿ ಬಳಿಕ ರಿವರ್ಸ್‌ಗೆ ಸಲ್ಲಬೇಕಾಗಿದ್ದದ್ದು ಇನ್ನೊಂದಿಷ್ಟು ನಿಮಿಷ ಮತ್ತು ತಾಳ್ಮೆ. ಅದು ಸಿಕ್ಕಿತು. ಅಪ್ಪನೇ ಕೋಚ್ ಆಗಿದ್ದರಿಂದ ಸಿಕ್ಕಿತೆಂದು ಹೇಳುವವರಿಗೆ ಮುಂದಿನ ಅಂಕಿ ಅಂಶಗಳು ಉತ್ತರ ಕೊಟ್ಟವು.

2015ರಲ್ಲಿ ಹ್ಯೂಸ್ಟನ್ ವಿರುದ್ಧದ ಆ ಸರಣಿಯನ್ನು ಕ್ಲಿಪ್ಪರ್ಸ್ ಗೆಲ್ಲಲಿಲ್ಲ. 3-1ರಿಂದ ಮುಂದಿದ್ದು, ಆರನೇ ಪಂದ್ಯದಲ್ಲಿ 19 ಅಂಕಗಳ ಮುನ್ನಡೆ ಕೈಚೆಲ್ಲಿ, ಏಳನೆಯದನ್ನೂ ಸೋತಿತು. ಆದರೆ ರಿವರ್ಸ್ ಮೆಟ್ಟಿಲು ಮೆಟ್ಟಿಲಾಗಿ ಏರಿದರು. 2016ರಲ್ಲಿ ಪೋರ್ಟ್‌ಲ್ಯಾಂಡ್ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ಎಡಗಣ್ಣಿನ ಬಳಿ 11 ಹೊಲಿಗೆ ಹಾಕಿಸಿಕೊಂಡು ಮತ್ತೆ ಅಂಗಳಕ್ಕಿಳಿದು 21 ಅಂಕ ಗಳಿಸಿದರು. ಆ ಬೇಸಿಗೆಯಲ್ಲಿ ಮೂರು ವರ್ಷಕ್ಕೆ ಸುಮಾರು 3.5 ಕೋಟಿ ಡಾಲರ್‌ಗಳ ಒಪ್ಪಂದ ಸಿಕ್ಕಿತು. ಪಂದ್ಯಕ್ಕೆ ಸರಾಸರಿ 8.9 ಇದ್ದದ್ದು 12.0 ಆಯಿತು, 2017-18ರಲ್ಲಿ 15.1 ಆಯಿತು. ತ್ರೀ-ಪಾಯಿಂಟರ್ ನಿಖರತೆ ಶೇ. 37 ದಾಟಿತು. ಒಂದೇ ರಾತ್ರಿ ತೋರಿಸಿದ ಹೊಳಪಿಗಿಂತ ನಿಧಾನವಾಗಿ ಏರಿದ ಈ ಸಾಲು ಎಷ್ಟೋ ಹೆಚ್ಚು ನಂಬಲರ್ಹ. 2018ರಲ್ಲಿ ತಂಡ ಅವರನ್ನು ವಾಷಿಂಗ್ಟನ್‌ಗೆ ಕೊಟ್ಟಿತು, ಅಲ್ಲಿಂದ ಹ್ಯೂಸ್ಟನ್, ನ್ಯೂಯಾರ್ಕ್.

2021ರ ವಸಂತದಲ್ಲಿ ಅವರಿಗೆ ತಂಡವೇ ಇರಲಿಲ್ಲ. ಜಮಾಲ್ ಮರ್ರಿ ಸೇರಿ ಹಲವು ಗಾರ್ಡ್‌ಗಳನ್ನು ಗಾಯಕ್ಕೆ ಕಳೆದುಕೊಂಡಿದ್ದ ಡೆನ್ವರ್ ನಗೆಟ್ಸ್ ಹತ್ತು ದಿನಗಳ ತಾತ್ಕಾಲಿಕ ಒಪ್ಪಂದದಲ್ಲಿ ಕರೆದುಕೊಂಡಿತು, ಆಮೇಲೆ ಋತುವಿನ ಕೊನೆಯವರೆಗೆ ಉಳಿಸಿಕೊಂಡಿತು. ಪ್ಲೇಆಫ್‌ನ ಮೊದಲ ಸುತ್ತಿನ ಮೂರನೇ ಪಂದ್ಯ ಪೋರ್ಟ್‌ಲ್ಯಾಂಡ್‌ನಲ್ಲಿ, ಎದುರಿಗೆ ಮೆಕಾಲಮ್ ತಂಡ. ರಿವರ್ಸ್ ಗಳಿಸಿದ 21 ಅಂಕಗಳಲ್ಲಿ 16 ಕೊನೆಯ ಕ್ವಾರ್ಟರಿನಲ್ಲೇ ಬಂದವು, ಡೆನ್ವರ್ 120-115ರಿಂದ ಗೆದ್ದಿತು, ಮುಂದೆ ಸರಣಿಯನ್ನೂ ಗೆದ್ದಿತು. ಈ ಬಾರಿ ಯಾರೂ ಅವರನ್ನು ನಾಳಿನ ತಾರೆ ಎಂದು ಕರೆಯಲಿಲ್ಲ, ಆಕಸ್ಮಿಕವೆಂದು ತಳ್ಳಿಹಾಕಲೂ ಇಲ್ಲ. ಬೆಂಚಿನಿಂದ ಬಂದು ತೆರೆದ ಜಾಗ ಸಿಕ್ಕಾಗ ಎಸೆಯಬಲ್ಲ, ಎದುರಾಳಿ ಗಾರ್ಡನ್ನು ಗಟ್ಟಿಯಾಗಿ ಕಾಯಬಲ್ಲ ಅನುಭವಿ ಎಂದು ಡೆನ್ವರ್ ಲೆಕ್ಕ ಹಾಕಿ, ಮುಂದಿನ ವರ್ಷಕ್ಕೂ ಅದೇ ಕೆಲಸ ಕೊಟ್ಟಿತು.